ಮೈಸೂರು ರೇಸಿನ ಮೊದಲ ದಿನ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ರಾಮಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮುಳ್ಳೂರಿನ ಗಂಡ ಹೆಂಡತಿ ನಿಂತಿದ್ದರು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ಪಡೆದು ಎತ್ತಿನ ಗಾಡಿಗೆ ಹೇರಿದ್ದರು. ಗಂಡನ ಕೈಯಲ್ಲಿ ಕುದುರೆ ರೇಸಿನ ಕರಪತ್ರವಿತ್ತು, ಕಣ್ಣು ಮೈಸೂರಿನ ಬಸ್ಸಿನ ಮೇಲೆ.

“ಸೀಸನ್ನು ಇವತ್ತೇ ಸುರು ಕಣಮ್ಮಿ. ಗಾಡಿ ನೀನೇ ಹೊಡ್ಕಂಡೋಗು.”

“ಉಳ ಅಣ್ಣಾಗಿ ಗೂಡು ಕಟ್ಟಾಕೆ ನಿಂತವೆ. ಸಂಜೆ ಒಳ್ಗೆ ಚಂದ್ರಿಕೆಗೆ ಬುಡ್ದಿದ್ರೆ ಗೋಡೆ ಅತ್ಕಂಡು ಬೆಳೆ ಓಯ್ತದೆ.”

“ನೀನಿದ್ದೀಯಲ್ಲ.”

“ಎಂಟ್ ದಿನ ಅಗ್ಲೂ ರಾತ್ರಿ ಸೊಪ್ಪಾಕಿದ್ದೂ ನಾನೇ. ಆ ಚೀಟೀಲಿ ಇನ್ನೇನ್ ಬರ್ದದೆ?”

“ಮೊದ್ಲ ದಿನ ಎಂಗುಸ್ರನ್ನ ರೇಸ್ಗೆ ಪುಕ್ಸಟ್ಟೆ ಬುಡ್ತಾರಂತೆ,” ಎಂದು ಅವನು ನಕ್ಕ.

ಆಕೆ ಸೆರಗು ಸಿಕ್ಕಿಸಿಕೊಂಡು ಸೀದಾ ಮೈಸೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

“ಇಳಿಯಮ್ಮಿ. ಒಬ್ಳೇ ಓದೀಯಾ?”

“ಮೈಸೂರಲ್ಲಿ ನಮ್ಮಕ್ಕ ಅವ್ಳೆ, ಕರ್ಕಂಡೋಯ್ತೀನಿ. ನೀವು ಬಿರ್ರನೆ ಗಾಡಿ ಕಟ್ರಿ.”

ಅವನು ಬಸ್ಸನ್ನೂ ಗಾಡಿಯನ್ನೂ ನೋಡಿದ. ಕಂಡಕ್ಟರು ಸೀಟಿ ಊದಿದ. ಆಕೆ ಏಳಲಿಲ್ಲ. ಬಸ್ಸು ಕದಲಿದಾಗ ಅವನು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿದ.

“ಯಾವ್ ಕುದ್ರೆ ಮುಂದ್ ಬಂತು ಅಂತ ಸರ್ಯಾಗ್ ನೋಡ್ಕಂಡ್ ಬಾ.”

ಆಮೇಲೆ ಹೊತ್ತು ನೋಡಿ, ಗಾಡಿ ಹತ್ತಿ, ಎತ್ತುಗಳನ್ನು ಮುಳ್ಳೂರಿನ ಕಡೆ ಜೋರಾಗಿ ಹೊಡೆದ.