ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ

ಅವತ್ತು ನಮ್ಮಕ್ಕ ಸ್ಕೂಲಿನ ಹಿಂದಿನ ಬಾವಿ ಹತ್ತಿರ ಬರೋ ಹೊತ್ತಿಗೆ ಊರೆಲ್ಲ ಮಲಗಿತ್ತು. ನಮ್ಮಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಆ ಸ್ಕೂಲಲ್ಲೇ ಓದಿ, ಅಲ್ಲೇ ಕೆಮಿಸ್ಟ್ರಿ ಟೀಚರ್ ಆದವಳು. ಕತೆ ಕಟ್ಟೋ ಪೈಕಿ ಅಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಮಾರನೇ ದಿನ ಮಕ್ಕಳಿಗೆ ಉಪ್ಪು ಮಾಡಿಸೋ ಪಾಠ. ಕಾಸ್ಟಿಕ್ ಸೋಡಾ ನೀರಿಗೆ ಆಸಿಡ್ ಹನಿ ಹನಿಯಾಗಿ ಬಿಟ್ಟು, ಎರಡರ ಉರಿಯೂ ಇಳಿದ ಮೇಲೆ ಕಾಯಿಸಿದ್ರೆ ತಳದಲ್ಲಿ ಉಪ್ಪು ಕೂರುತ್ತಲ್ಲ, ಅದು. ಎಲ್ಲ ಜೋಡಿಸಿಟ್ಟು, ಬೀಗ ಹಾಕಿ, ಹಿಂದಿನ ಗೇಟಿಂದ ಹೊರಟಿದ್ಲು. ಬಾವಿಗೆ ತಗಡು ಮುಚ್ಚಿದ್ರು. ಸುತ್ತ ಕಟ್ಟೆ ಅನ್ನೋದು ಹೆಸರಿಗೆ, ಮೊಣಕಾಲಿಗೂ ಬರ್ತಿರಲಿಲ್ಲ.

ತಗಡಿನ ಕೆಳಗಿಂದ ಸದ್ದು.

ಸುಯ್ಯ್...

ಹಾವಲ್ಲ. ಗಾಳಿ ಅಲ್ಲ. ಸತುವಿನ ಚೂರು ಆಸಿಡ್‌ಗೆ ಬಿದ್ದಾಗ ಗುಳ್ಳೆ ಏಳುತ್ತಲ್ಲ... ಆ ಸದ್ದು. ದಿನಾ ಕೇಳೋ ಕಿವಿ ಅವಳದು, ತಪ್ಪೋ ಮಾತೇ ಇಲ್ಲ.

ಅಕ್ಕ ನಿಂತ್ಲು. ಸದ್ದೂ ನಿಂತಿತು.

ಆಮೇಲೆ... ಪಿಸುಗುಟ್ಟಿದ ಹಾಗೆ...

"ಸೋಡಿಯಂ..."

ಆ ಹೆಸರಲ್ಲಿ ಅವಳನ್ನ ಕರೀತಿದ್ದದ್ದು ಒಬ್ಬರೇ. ಅವಳಿಗೆ ಕೆಮಿಸ್ಟ್ರಿ ಕಲಿಸಿದ ದೊಡ್ಡ ಟೀಚರ್. ಅವರ ಪಾಠದಲ್ಲಿ ಲೋಹಗಳೆಲ್ಲ ಒಂದೇ ಮನೆಯ ಸಂಸಾರ. ಪೊಟ್ಯಾಶಿಯಂ, ಸೋಡಿಯಂ ಮುಂಗೋಪಿ ಅಣ್ಣತಮ್ಮ, ನೀರು ಕಂಡ್ರೂ ಹೊತ್ತಿಕೊಳ್ತಾರೆ. ಸತು, ಕಬ್ಬಿಣ ಗೊಣಗೋ ಜಾತಿ. ಚಿನ್ನ ಮನೆ ಅಳಿಯ, ಏನು ಸುರಿದ್ರೂ ಅಲ್ಲಾಡಲ್ಲ. ನಮ್ಮಕ್ಕನ ಸಿಟ್ಟು ನೋಡಿ ಅವರೇ ಇಟ್ಟ ಹೆಸರು, ಸೋಡಿಯಂ.

ಆದ್ರೆ ದೊಡ್ಡ ಟೀಚರ್ ಸತ್ತು ವರ್ಷಗಳಾಗಿದ್ವು. ಅದೇ ಬಾವಿಯಲ್ಲಿ.

ಆದದ್ದು ಇಷ್ಟು. ಲ್ಯಾಬಲ್ಲಿ ಒಬ್ಬ ಹುಡುಗಿ, ತೆಳು ಆಸಿಡ್ ಅಂತ ಚೀಟಿ ಅಂಟಿಸಿದ್ದ ಬಾಟ್ಲಿಯಿಂದ ಸ್ವಲ್ಪ ಬಗ್ಗಿಸಿಕೊಂಡು, ಮೇಲೆ ನೀರು ಹಾಕಿದ್ಲು. ತೆಳು ಆಸಿಡ್ ಆಗಿದ್ರೆ ಏನೂ ಆಗ್ತಿರಲಿಲ್ಲ. ಒಳಗಿದ್ದದ್ದು ಗಟ್ಟಿ ಆಸಿಡ್. ಗಟ್ಟಿ ಆಸಿಡ್ ಮೇಲೆ ನೀರು ಬಿದ್ರೆ ಆ ನೀರು ಕುದ್ದು ಆಸಿಡ್ ಸಮೇತ ಮೇಲೆ ಹಾರುತ್ತೆ. ಚಟಾರ್ ಅಂತು. ದೊಡ್ಡ ಟೀಚರ್ ಹುಡುಗಿನ ಆಚೆ ತಳ್ಳಿ ಮುಖ ಒಡ್ಡಿದ್ರು. ನಲ್ಲಿಗೆ ಓಡಿದ್ರು. ನಲ್ಲಿಯಲ್ಲಿ ನೀರಿಲ್ಲ. ರಿಪೇರಿ ಮಾಡಿಸಿ ಅಂತ ಅವರೇ ಕೇಳಿ ಕೇಳಿ ಸಾಕಾಗಿತ್ತು. ಕಣ್ಣು ಕಾಣದೆ ಬಾವಿ ಕಡೆ ಓಡಿದ್ರು. ಆ ಕಟ್ಟೆ... ಹೇಳಿದೆನಲ್ಲ.

ಹೆಡ್‌ಮಾಸ್ಟರ್ ಏನಂದ್ರು ಗೊತ್ತಾ? "ಆಯಮ್ಮನೇ ಆಸಿಡ್‌ಗೆ ನೀರು ಸುರಿದ್ರು. ಮೊದಲನೇ ಪಾಠನೇ ಮರೆತ್ರು." ನೀರು ಹಾಕಿದ್ದು ನಾನು ಅಂತ ಹುಡುಗಿ ಹೇಳಿದ್ಲು. ಮಕ್ಕಳ ಮಾತು ಯಾರು ಕೇಳ್ತಾರೆ? ಅಷ್ಟಕ್ಕೆ ಬಿಟ್ರೆ ಪರವಾಗಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಲ್ಯಾಬಿಗೆ ಬಂದ ದಿನ, ಆತ ಬಾಗಿಲಲ್ಲಿ ನಿಂತು ಅದನ್ನೇ ಪಾಠ ಮಾಡೋರು. "ಒಬ್ಬ ದಡ್ಡ ಟೀಚರ್ ಇದ್ರು, ಹೀಗೆ ಸತ್ರು" ಅಂತ. ಮಕ್ಕಳು ನಗೋವು. ನಮ್ಮಕ್ಕ ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ನಿಲ್ಲೋಳು.

ಈಗ ಬಾವಿ ಹತ್ತಿರ... ಮತ್ತೆ ಆ ದನಿ.

"ಯಾವುದಕ್ಕೆ ಯಾವುದು?"

ಕ್ಲಾಸಲ್ಲಿ ಕೇಳ್ತಿದ್ದ ಪ್ರಶ್ನೆ. ಅಕ್ಕನ ಬಾಯಿ ತಾನಾಗೇ ತೆರೀತು.

"ನೀರಿಗೆ ಆಸಿಡ್, ಟೀಚರ್. ಆಸಿಡ್‌ಗೆ ನೀರಲ್ಲ."

ತಗಡಿನ ಕೆಳಗೆ ಯಾರೋ ಉಸಿರೆಳೆದ ಹಾಗೆ.

"ಅವನ ಬಾಯಲ್ಲಿ... ಹೇಳಿಸು."

ಅಕ್ಕ ಓಡಲಿಲ್ಲ. ಮನೆಗೆ ನಡ್ಕೊಂಡೇ ಬಂದ್ಲಂತೆ. ಭಯ ಅಲ್ಲ, ಸಿಟ್ಟು ಬಂದಿತ್ತಂತೆ.

ಬೆಳಗ್ಗೆ ಹೊಸ ಮಕ್ಕಳ ಮುಂದೆ ಹೆಡ್‌ಮಾಸ್ಟರ್ ಮತ್ತೆ ಅದೇ ಶುರು ಮಾಡಿದ್ರು. "ಒಬ್ಬ ದಡ್ಡ..." ಅನ್ನೋಷ್ಟರಲ್ಲಿ ಅಕ್ಕ ಅಡ್ಡ ಬಾಯಿ ಹಾಕಿದ್ಲು.

"ಸರ್, ಗಟ್ಟಿ ಆಸಿಡ್ ತೆಳು ಬಾಟ್ಲಿಗೆ ಹೇಗೆ ಬಂತು?"

ಹೆಡ್‌ಮಾಸ್ಟರ್ ಮುಖ ಸುಣ್ಣ ಬಳಿದ ಹಾಗಾಯ್ತು. "ಸಂಜೆ ಮಾತಾಡೋಣ" ಅಂದು ಹೋದ್ರು.

ಸಂಜೆ ಬಂದ್ರು. ಆಗಲೇ ಕತ್ತಲು. ಸ್ಕೂಲಲ್ಲಿ ಇವರಿಬ್ಬರೇ. ಲ್ಯಾಬಿನ ಬಾಗಿಲು ಮುಚ್ಚಿ ಮೆಲ್ಲಗೆ ಅಂದ್ರು, "ಕೆಲಸ ಬೇಕಾ, ಬೇಡವಾ?"

"ಬಾಟ್ಲಿ ವಿಷಯ ಹೇಳಿ, ಸರ್."

"ಮುಗಿದ ವಿಷಯ ಅದು."

"ಯಾರಿಗೆ ಮುಗೀತು?"

"ನೋಡಮ್ಮ, ಸತ್ತವರು ಬಂದು ಸಾಕ್ಷಿ ಹೇಳಲ್ಲ..."

ಗೊಳ್...

ಇಬ್ಬರೂ ತಿರುಗಿದ್ರು. ಮೂಲೆಯ ನಲ್ಲಿ. ಆಗಲೂ ಅದು ರಿಪೇರಿ ಆಗಿರಲಿಲ್ಲ. ಬಾಯಿಗೆ ಜೇಡ ಬಲೆ ಕಟ್ಟಿತ್ತು.

ಗೊಳ್... ಗೊಳ್... ಕೊಳವೆಯೊಳಗೆ ಯಾರೋ ಗಂಟಲು ಸರಿ ಮಾಡಿಕೊಂಡ ಹಾಗೆ. ಜೇಡನ ಬಲೆ ಹರೀತು. ಒಂದು ಹನಿ ಬಿತ್ತು. ಟಪ್. ಇನ್ನೊಂದು. ಟಪ್. ಹನಿ ಬಿದ್ದ ಕಡೆಯೆಲ್ಲ ಸಿಂಕಿನ ಕಲ್ಲು ಚುರ್ ಅಂತಿತ್ತು.

ಸಿಂಕಿನ ತೂತಿನ ಒಳಗಿಂದ...

"ಯಾವುದಕ್ಕೆ... ಯಾವುದು?"

ಹೆಡ್‌ಮಾಸ್ಟರ್ ಬಾಗಿಲು ಎಳೆದ್ರು. ಬರಲಿಲ್ಲ. ಚಿಲಕ ಹಾಕಿರಲಿಲ್ಲ, ಬೀಗ ಇರಲಿಲ್ಲ. ಬರಲಿಲ್ಲ ಅಷ್ಟೇ.

"ಹೇಳಿ ಸರ್," ಅಕ್ಕ ಪಿಸುಗುಟ್ಟಿದ್ಲು. "ಮೊದಲನೇ ಪಾಠ."

"ಆ... ಆಸಿಡ್‌ಗೆ... ನೀರು..."

ಕಪಾಟಿನ ಗಾಜುಗಳೆಲ್ಲ ಝಣ್ ಅಂದ್ವು.

"ಮತ್ತೆ ಹೇಳು." ತೂತಿನ ಒಳಗಿಂದ ಅದೇ ದನಿ.

"ನೀರಿಗೆ... ಅಲ್ಲ, ಆಸಿಡ್‌ಗೆ..."

ಝಣ್!

ಇಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದ ಮನುಷ್ಯ. ನಾಲಿಗೆ ಹೊರಳ್ತಾ ಇಲ್ಲ. ಬೇರೆ ಹೊತ್ತಾಗಿದ್ರೆ ನಗು ಬರ್ತಿತ್ತು ಅಂದ್ಲು ಅಕ್ಕ. ನೆಲದ ಮೇಲೆ ಒದ್ದೆ ಹೆಜ್ಜೆ ಸದ್ದು, ಚಪ್... ಚಪ್... ಸಿಂಕಿಂದ ಬಾಗಿಲ ಕಡೆಗೆ. ನೆಲ ನೋಡಿದ್ರೆ ಒಣಗಿತ್ತು. ಹೆಡ್‌ಮಾಸ್ಟರ್ ಕುಸಿದು ಕೂತ್ರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ್ರು.

"ನಾನೇ! ನಾನೇ ಸುರಿಸಿದ್ದು! ದೊಡ್ಡ ಜಾಡಿ ಬಿರುಕು ಬಿಟ್ಟಿತ್ತು, ಮೇಲಿನವರು ನೋಡೋಕೆ ಬರೋರಿದ್ರು... ಖಾಲಿ ಬಾಟ್ಲಿಗೆ ತುಂಬಿಸಿ ಅಂದೆ. ಚೀಟಿ ಬದಲಾಯಿಸಲಿಲ್ಲ. ಆಯಮ್ಮ ನೀರು ಹಾಕಲಿಲ್ಲ... ಆಯಮ್ಮಂದು ಏನೂ ತಪ್ಪಿಲ್ಲ..."

ಹೆಜ್ಜೆ ನಿಂತಿತು. ಅವರ ಎದುರಿಗೇ.

"ನನ್ನ ಮುಂದೆ ಹೇಳಿದ್ರೆ ಆಗಲ್ಲ," ಅಂದ್ಲು ಅಕ್ಕ. "ನಾಳೆ ಮಕ್ಕಳ ಮುಂದೆ. ಆ ಹುಡುಗಿನೂ ಕರೆಸ್ತೀನಿ. ಈಗ ದೊಡ್ಡವಳಾಗಿದಾಳೆ, ಅವಳಿಗೂ ಕೇಳಿಸಬೇಕು."

"ಹೇಳ್ತೀನಿ... ಹೇಳ್ತೀನಿ..."

ಬಾಗಿಲು ಕಿರ್ರ್ ಅಂತ ತಾನೇ ತೆರೀತು.

ಹೇಳಿದ್ರಾ? ಹೇಳಿದ್ರು. ಅಂಗಳದಲ್ಲಿ, ಎಲ್ಲ ಮಕ್ಕಳ ಮುಂದೆ. ಆ ಹುಡುಗಿ ಕೊನೇ ಸಾಲಲ್ಲಿ ನಿಂತು ಅತ್ತಳಂತೆ. ನನ್ನ ಮಾತು ಯಾರೂ ನಂಬಲಿಲ್ಲ, ಕೊನೆಗೆ ನಾನೂ ನಂಬೋದು ಬಿಟ್ಟಿದ್ದೆ ಅಂದಳಂತೆ. ಹೆಡ್‌ಮಾಸ್ಟರ್ ಅವತ್ತೇ ಕೆಲಸ ಬಿಟ್ರು. ಆಮೇಲೆ ನಲ್ಲಿಗೆ ನೀರು ಬಂತು, ಬಾವಿಗೆ ಎದೆ ಎತ್ತರದ ಕಟ್ಟೆ ಬಂತು. ದೊಡ್ಡ ಟೀಚರ್ ಇದ್ದಾಗ ಬಾರದ್ದೆಲ್ಲ ಬಂತು. ಅದನ್ನ ನೆನೆಸಿಕೊಂಡ್ರೆ ಅಕ್ಕ ಈಗಲೂ ಉರಿದು ಬೀಳ್ತಾಳೆ. "ಇಷ್ಟೇ ಕೆಲಸ! ಇಷ್ಟಕ್ಕೆ ಒಬ್ಬರು ಸಾಯಬೇಕಿತ್ತಾ?" ಬಾವಿ ಕಡೆಯಿಂದ ಮತ್ತೆ ಸದ್ದು ಬಂತಾ ಅಂತ ಕೇಳಿದೆ. ಇಲ್ಲ ಅಂದ್ಲು. ಟೀಚರ್ ಸಿಟ್ಟು ಇಳಿದಿರಬಹುದು, ನಂದು ಇಳಿದಿಲ್ಲ ಅಂದ್ಲು.

ನೀವು ನಂಬದಿದ್ರೆ ಬಿಡಿ. ಆದ್ರೆ ಒಂದು ಮಾತು. ಕೆಲಸ ಬಿಡೋವಾಗ ಹೆಡ್‌ಮಾಸ್ಟರ್ ಕೋಟಿನ ಒಳಜೇಬಿಂದ ಬೀಗದಕೈ ಗೊಂಚಲು ತೆಗೆದು ಅಕ್ಕನ ಕೈಗೆ ಹಾಕಿದ್ರು. ಎಲ್ಲಾ ಹಳೇ ಕಾಲದ ಕಬ್ಬಿಣದ ಬೀಗದಕೈಗಳು. ಹಿಂದಿನ ದಿನದವರೆಗೂ ಕಪ್ಪಗಿದ್ದವು. ಅವತ್ತು ಅಷ್ಟೂ ಕೆಂಪಗಿದ್ವು. ತುಕ್ಕಲ್ಲ... ತಾಮ್ರ. ಮೈಲುತುತ್ತದ ನೀಲಿ ನೀರಲ್ಲಿ ಕಬ್ಬಿಣ ಅದ್ದಿಟ್ರೆ ಹಾಗೆ ತಾಮ್ರ ಕೂರುತ್ತೆ, ದೊಡ್ಡ ಟೀಚರ್ ಕ್ಲಾಸಲ್ಲಿ ಮಾಡಿ ತೋರಿಸ್ತಿದ್ದ ಪ್ರಯೋಗ ಅದು. ಕೋಟು ಒಣಗಿತ್ತು. ಜೇಬಲ್ಲಿ ಒಂದು ನೀಲಿ ಕಲೆನೂ ಇರಲಿಲ್ಲ.

ಅಕ್ಕ ನನಗೆ ತೋರಿಸಿದ್ಲು. ನಾನೇ ಉಗುರಲ್ಲಿ ಕೆರೆದು ನೋಡಿದೆ. ಕೆಂಪು ಪುಡಿ ಉಗುರಿಗೆ ಬಂತು. ಒಳಗೆ ಕಬ್ಬಿಣ ಇತ್ತು.