ಬಿಳಿಯಾಗಿಯೇ ಉಳಿದ ಬಿಲ್ಲೆ

ತಾರಿಯಾತಾ ಊರಿನ ಹಿರಿಯರೇ, ತಾಯಂದಿರೇ, ಈ ಚಳಿಯಲ್ಲಿ ಮೊರೇಲಿಯಾದಿಂದ ಬೆಟ್ಟ ಹತ್ತಿ ಬಂದಿರುವ ವಿಶ್ವವಿದ್ಯಾಲಯದ ದೊಡ್ಡವರೇ — ಎಲ್ಲರಿಗೂ ನಮಸ್ಕಾರ. ಮುಂದಿನ ಬೆಂಚಿನಲ್ಲಿ ಕುಳಿತಿರುವ ಸೆನ್ಯೋರಾ ಗ್ರಾಸಿಯೆಲಾ, ನಮ್ಮ ಡಾಕ್ಟರಮ್ಮನ ಅಕ್ಕ — ನಿಮಗೆ ಬೇರೆಯಾಗಿಯೇ ನಮಸ್ಕಾರ, ತಾಯಿ. ನಿಮ್ಮ ತಂಗಿ ಕ್ರಿಸ್‌ಮಸ್ಸಿಗೂ ಮನೆಗೆ ಬರುವುದಿಲ್ಲ, ಆ ಬೆಟ್ಟದ ಮೇಲೆ ಅದೇನು ಹೂತಿಟ್ಟಿದ್ದಾಳೋ ಎಂದು ನೀವು ಬೈಯುತ್ತಿದ್ದಿರಂತೆ. ಬೈದದ್ದು ಸರಿಯೇ. ಅವರನ್ನು ನಿಮ್ಮಿಂದ ಎಳೆದುಕೊಂಡವರು ನಾವೇ. ಇಂದು ನಿಮ್ಮ ಮುಂದೆ ತಲೆ ತಗ್ಗಿಸಿ ಕುಳಿತಿದ್ದೇವೆ.

ಡಾಕ್ಟರ್ ಲೆತಿಸಿಯಾ ಅರ್ಸಿಗಾ ಹೃದಯ ನಿಂತು ತೀರಿಕೊಂಡು ಇಂದಿಗೆ ಒಂಬತ್ತನೆಯ ದಿನ. ಒಂಬತ್ತು ದಿನದ ಪ್ರಾರ್ಥನೆ ಮುಗಿದಿದೆ, ನೆಲದ ಮೇಲಿಟ್ಟಿದ್ದ ಶಿಲುಬೆ ಎತ್ತಿದ್ದಾಗಿದೆ. ಇನ್ನು ಮಾತು. ನಾನು ಓದಿದವಳಲ್ಲ. ಅಡುಗೆಮನೆಯ ತೊಲೆಗೆ ಹೊಗೆ ಅಳೆಯುವ ಅವರ ಯಂತ್ರ ತೂಗುಹಾಕುವುದು, ಮರುದಿನ ಇಳಿಸಿ ತರುವುದು — ಇದು ನನ್ನ ಕೆಲಸವಾಗಿತ್ತು. ಸಹೋದ್ಯೋಗಿ ಎಂದು ಹೇಳಿ ನನ್ನನ್ನು ಈ ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಈ ಹೋವಿತಾಳ ಬಾಯಿ ಎಂಥದ್ದೆಂದು ಗೊತ್ತಿದ್ದೂ ನಿಲ್ಲಿಸಿದ್ದಾರೆ. ಅನುಭವಿಸಲಿ.

ನನ್ನ ಮಾತಾದ ಮೇಲೆ ನಮ್ಮ ಊರಿನ ಮುಖ್ಯಸ್ಥರಾದ ತಾತಾ ಎಲೀಸಿಯೊ ಅಲ್ಲಿ — ಬಾಗಿಲ ಪಕ್ಕದಲ್ಲಿ, ಬಟ್ಟೆ ಹೊದಿಸಿದ್ದಾರಲ್ಲ — ಆ ಕಲ್ಲನ್ನು ಅನಾವರಣ ಮಾಡುತ್ತಾರೆ. ‘ಈ ಊರನ್ನು ಹೊಗೆಯಿಂದ ಬಿಡಿಸಿದ ತಾಯಿಗೆ’ ಎಂದು ಕೆತ್ತಿಸಿದ್ದಾರೆ. ಚೆಂದದ ಅಕ್ಷರ. ಹೊಗೆಯೇ ಹೋಯಿತಲ್ಲ, ಕಲ್ಲು ನೆಟ್ಟ ಮೇಲೆ ಯಂತ್ರಗಳಿಗೆ ಇಲ್ಲಿ ಕೆಲಸವಿಲ್ಲವಂತೆ. ವಿಶ್ವವಿದ್ಯಾಲಯದ ಇಂಜಿನಿಯರ್ ಹೆರಾರ್ದೊ ಅವುಗಳನ್ನು ವ್ಯಾನಿಗೆ ತುಂಬಿಕೊಂಡು ಇಂದೇ ಹೊರಡಬೇಕಂತೆ. ಪಂಚಾಯಿತಿಯ ತೀರ್ಮಾನ.

ಅಲ್ಲಿ ಹಿಂದೆ ನನ್ನ ಮೊಮ್ಮಗಳು ಯೂರಿತ್ಸಿ ನಿಂತಿದ್ದಾಳೆ. ಅವಳ ಹೆಗಲ ಮೇಲಿನ ಕೂಸು ಚಳಿ ಬಿದ್ದಾಗಿನಿಂದ ಕೆಮ್ಮುತ್ತಿದೆ. ಹಾಲು ಕುಡಿಯುವಾಗ ಉಸಿರು ಸಾಲದೆ ಮೊಲೆ ಬಿಡುತ್ತದೆ. ಆ ಯಂತ್ರಗಳು ವ್ಯಾನು ಹತ್ತಿದರೆ ಈ ಕೂಸು ಯಾಕೆ ಕೆಮ್ಮುತ್ತದೆ ಎಂದು ಕೇಳುವವರು ಈ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಆದ್ದರಿಂದ ಹೊಗಳಿಕೆ ಆಮೇಲೆ. ಮೊದಲು ಒಂದು ಕತೆ.

ಡಾಕ್ಟರಮ್ಮ ಮೊದಲ ಸಲ ಬಂದಾಗ ನಾವೆಲ್ಲ ಸಾಲಾಗಿ ನಿಂತು ನಾಲಿಗೆ ಚಾಚಿದ್ದೆವು. ನೆನಪಿದೆಯೇ? ಮಂಡಿ ನೋವಿಗೆ ಗುಳಿಗೆ ಕೇಳಿದ್ದೆವು.

“ನಾನು ಆ ಡಾಕ್ಟರ್ ಅಲ್ಲಮ್ಮಾ. ನಾನು ಹೊಗೆ ಡಾಕ್ಟರು” ಅಂದರು.

“ಹೊಗೆಗೆ ಏನು ಕಾಯಿಲೆ?” ಅಂದೆ ನಾನು.

“ಹೊಗೆಗೆ ಏನೂ ಇಲ್ಲ ದೊನ್ಯಾ ಹೋವಿತಾ, ಗಟ್ಟಿಮುಟ್ಟಾಗಿದೆ. ಅದು ಹೊಕ್ಕ ಮನುಷ್ಯರಿಗೆ ಕಾಯಿಲೆ.”

ಇಟ್ಟಿಗೆಯಷ್ಟು ದೊಡ್ಡ ಯಂತ್ರ. ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಅಡುಗೆಮನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಳಗೊಂದು ಬಿಳಿ ಬಿಲ್ಲೆ. ಗಾಳಿಯಲ್ಲಿರುವ ಕಣವೆಲ್ಲ ಅದಕ್ಕೆ ಅಂಟಬೇಕು. ತೊಲೆಯಲ್ಲಿ ಜೋತಾಡುವ ಇಲ್ಲಣ ತೋರಿಸಿ ನಾನು, “ಕಣ ಬೇಕಾದ್ರೆ ಇದನ್ನೇ ಒಂದು ಚೀಲ ತುಂಬ್ಕೊಂಡು ಹೋಗಿ” ಅಂದಿದ್ದೆ. ಅವರು ನಕ್ಕರು. “ಕಣ್ಣಿಗೆ ಕಾಣೋ ಮಸಿ ಪಾಪದ್ದು ದೊನ್ಯಾ. ಮೂಗಲ್ಲೋ ಗಂಟಲಲ್ಲೋ ಸಿಕ್ಕಿಬೀಳುತ್ತೆ. ಕಾಣದೇ ಇರೋದೇ ಕಳ್ಳ. ಎದೆಯೊಳಗಿಳಿದು, ರಕ್ತಕ್ಕೆ ಸೇರಿ, ಮನೆ ಮಾಡ್ಕೊಂಡು ಕೂತುಬಿಡುತ್ತೆ.”

ಆ ವರ್ಷ ಅವರು ಹೊಗೆಕೊಳವೆ ಇರುವ ಹೊಸ ಒಲೆಗಳನ್ನು ಹಾಕಿಸಿದರು. ಕಣ ಕಡಿಮೆಯಾಯಿತೋ ಇಲ್ಲವೋ ನೋಡಬೇಕಲ್ಲ? ಮನೆಮನೆಗೆ ಯಂತ್ರ ಹಾಕಿದೆವು. ಮರುದಿನ ಇಳಿಸಿದರೆ — ಬಿಲ್ಲೆ ಹಾಲಿನಷ್ಟು ಬೆಳ್ಳಗೆ! ಒಂದು ಮನೆಯಲ್ಲಲ್ಲ, ಬೀದಿಗೆ ಬೀದಿಯೇ ಬೆಳ್ಳಗೆ! ಡಾಕ್ಟರಮ್ಮ ಮೊರೇಲಿಯಾಕ್ಕೆ ಓಡಿಹೋಗಿ ದೊಡ್ಡ ಸಭೆಯಲ್ಲಿ ಹೇಳಿದರು. ಚಪ್ಪಾಳೆ. ಹಣ ಕೊಟ್ಟವರಿಗೆ ಹಿಗ್ಗೋ ಹಿಗ್ಗು.

ಒಂದು ಮಧ್ಯಾಹ್ನ, ಯಂತ್ರ ಹಾಕಿಸಿ ಅವರು ಮೊರೇಲಿಯಾಕ್ಕೆ ಹೊರಟಿದ್ದ ಬಸ್ಸು ಬೆಟ್ಟದ ತಿರುವಿನಲ್ಲಿ ಕೆಟ್ಟು ನಿಂತಿತು. ಡಾಕ್ಟರಮ್ಮ ನಡೆದುಕೊಂಡು ಊರಿಗೆ ಮರಳಿದರು. ನೇರ ದೊನ್ಯಾ ತೊಮಾಸಾಳ ಅಡುಗೆಮನೆಗೆ ಹೋದರೆ — ಒಲೆ ತಣ್ಣಗಿದೆ. ನೆಲ ಗುಡಿಸಿ ನೀರು ಚಿಮುಕಿಸಿದೆ. ತೊಲೆಯಲ್ಲಿ ತೂಗುವ ಯಂತ್ರಕ್ಕೆ ಹಕ್ಕಿ ಕಸೂತಿಯ ಬಿಳಿ ವಸ್ತ್ರ ಸುತ್ತಿದೆ. ಕೆಳಗೊಂದು ಲೋಟದಲ್ಲಿ ಹೂವು! ಪಕ್ಕದ ಹಿತ್ತಲಿಗೆ ಹೋದರೆ ಬೀದಿಯ ಹೆಂಗಸರೆಲ್ಲ ಅಲ್ಲಿ — ಮೂರು ಕಲ್ಲಿನ ಒಲೆಯ ಮುಂದೆ, ಕಣ್ಣೀರು ಮೂಗುನೀರು ಒಂದಾಗಿ, ರೊಟ್ಟಿ ತಟ್ಟುತ್ತಿದ್ದೇವೆ.

“ತೊಮಾಸಾ, ನಿಮ್ಮ ಮನೇಲಿ ಒಲೆ ಯಾಕೆ ಹಚ್ಚಿಲ್ಲ?”

“ಅಯ್ಯೋ, ಹಚ್ಚೋದುಂಟೇ ತಾಯಿ? ನಿಮ್ಮ ಯಂತ್ರ ಇದೆಯಲ್ಲ ಅಲ್ಲಿ. ಅಷ್ಟು ಬೆಲೆಬಾಳೋದು. ಮಸಿ ಹತ್ತಿದ್ರೆ ನಿಮಗೆ ಏನಂತ ಮುಖ ತೋರಿಸ್ಲಿ?”

ನಮ್ಮ ಕಡೆ ಅತಿಥಿಯ ಮುಖಕ್ಕೆ ಹೊಗೆ ಬಿಡುವುದುಂಟೇ? ಅತಿಥಿಯ ವಸ್ತುವಿಗೂ ಬಿಡಬಾರದು. ಯಾರ ಮನೆಯಲ್ಲಿ ಯಂತ್ರವೋ ಆ ಮನೆಯವರಿಗೆ ಅಂದು ನೆರೆಮನೆಯ ಹಿತ್ತಲಲ್ಲೇ ಅಡುಗೆ, ಊಟ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಎಲ್ಲರಿಗೂ ಅದೇ ಮರ್ಯಾದೆ ಅನ್ನಿಸಿತ್ತು.

ಡಾಕ್ಟರಮ್ಮ ಅಲ್ಲೇ ಸೌದೆ ರಾಶಿಯ ಮೇಲೆ ಕುಸಿದು ಕುಳಿತರು. ಹೀಗೆ — ಎರಡು ಕೈಯಲ್ಲೂ ತಲೆ ಹಿಡಿದುಕೊಂಡು. ಅಳುತ್ತಿದ್ದಾರೆಂದು ತೊಮಾಸಾ ಬಿಸಿ ಗಂಜಿ ತಂದಳು. ನೋಡಿದರೆ ನಗುತ್ತಿದ್ದರು. ಆಮೇಲೆ ಅತ್ತರು. ಗಂಜಿಯನ್ನು ಮಾತ್ರ ಬಿಡಲಿಲ್ಲ.

ಈಗ ಕೇಳಿ. ಅವರು ಸುಮ್ಮನಿರಬಹುದಿತ್ತು. ಚಪ್ಪಾಳೆ ಬಂದಾಗಿತ್ತು, ಇನ್ನಷ್ಟು ಹಣ ಬರುವುದಿತ್ತು. ಬಿಲ್ಲೆ ಬೆಳ್ಳಗಿದೆ ಎಂದರೆ ಅದು ಸುಳ್ಳೂ ಅಲ್ಲ — ಬೆಳ್ಳಗೇ ಇತ್ತಲ್ಲ! ಆದರೂ ಆಕೆ ಅದೇ ಸಭೆಗೆ ಹೋಗಿ, ಅದೇ ಜನರ ಮುಂದೆ ನಿಂತು, “ನಾನು ಹೇಳಿದ್ದು ತಪ್ಪು” ಎಂದರು. ನಾನೂ ಜೊತೆಗೆ ಹೋಗಿದ್ದೆ. ಕೋಟು ತೊಟ್ಟವನೊಬ್ಬ ನಗಾಡಿದ.

“ಹಳ್ಳಿ ಹೆಂಗಸರು ನಿಮಗೆ ಚೆನ್ನಾಗಿ ಮೋಸ ಮಾಡಿದ್ದಾರೆ ಬಿಡಿ.”

“ಮೋಸ ಮಾಡ್ಲಿಲ್ಲ ಸ್ವಾಮಿ, ಮರ್ಯಾದೆ ಮಾಡಿದ್ರು. ಕೇಳ್ದೇ ಇದ್ದೋಳು ನಾನು.”

ಹಣ ನಿಂತಿತು. ಆಕೆ ನಿಲ್ಲಲಿಲ್ಲ. ಮರಳಿ ಬಂದು ನಮ್ಮ ಅಡುಗೆಮನೆಗಳಲ್ಲೇ ಕುಳಿತರು. ಹೊಸ ಒಲೆಯ ಬಾಯಿಗೆ ನಮ್ಮ ಸೌದೆ ಹಿಡಿಯುವುದಿಲ್ಲ, ಸುಣ್ಣದ ನೀರಲ್ಲಿ ಜೋಳ ಬೇಯಿಸುವ ಗಡಿಗೆ ಕೂರುವುದಿಲ್ಲ, ಹೆಂಚು ಚಿಕ್ಕದು — ಬೈಗುಳವನ್ನೆಲ್ಲ ಕೇಳಿಸಿಕೊಂಡರು. ಒಲೆಯನ್ನು ಮತ್ತೆ ಕಟ್ಟಿದರು. ಹಬ್ಬದ ಕೊರುಂಡ ಕಡುಬು ಬೇಯುವ ದಿನವೇ ಯಂತ್ರ ತೂಗುಹಾಕಿ, “ಇವತ್ತು ನನ್ನನ್ನ ಅತಿಥಿ ಅಂದ್ಕೊಬೇಡಿ, ಹಗೆ ಅಂದ್ಕೊಳ್ಳಿ. ಚೆನ್ನಾಗಿ ಹೊಗೆ ಹಾಕಿ” ಎಂದರು. ಮರುದಿನ ಹಳೆಯ ಒಲೆಯ ಮನೆಯ ಬಿಲ್ಲೆ ಕಾಡಿಗೆಯಾಗಿತ್ತು. ಹೊಸ ಒಲೆಯ ಮನೆಯದು ಬೂದಿ ಬಣ್ಣ. ಬೆಳ್ಳಗಲ್ಲ — ಬೂದಿ ಬಣ್ಣ. ಅದು ನಿಜವಾದ ಬಣ್ಣ. ಅಂದು ಕುಣಿದಿದ್ದೆವು.

ಇಲ್ಲಿಗೆ ಕತೆ ಮುಗಿದಿದ್ದರೆ ಆ ಕಲ್ಲು ನೆಡಬಹುದಿತ್ತು. — ತಾತಾ ಎಲೀಸಿಯೊ, ಕುರ್ಚಿ ಮೇಲೆ ಯಾಕಪ್ಪಾ ಹೊರಳಾಡ್ತೀಯಾ? ಮುಳ್ಳಿದೆಯಾ? ಇರು, ನಿನ್ನ ಹತ್ತಿರಕ್ಕೇ ಬರ್ತಿದೀನಿ.

ಕಳೆದ ಚಳಿಗಾಲದಲ್ಲಿ ಡಾಕ್ಟರಮ್ಮ ಒಂದು ಯಂತ್ರವನ್ನು ಮನೆಯೊಳಗಲ್ಲ, ಬೀದಿಯಲ್ಲಿ ಹಾಕಿಸಿದರು. ಶಾಲೆಯ ಗೋಡೆಗೆ. ಸುತ್ತ ಬೆಟ್ಟ, ನಡುವೆ ನಮ್ಮ ಊರು ಬಟ್ಟಲಿನ ತಳದಲ್ಲಿದ್ದ ಹಾಗೆ. ಚಳಿಯ ಸಂಜೆ ಎಲ್ಲ ಮನೆಯ ಕೊಳವೆಗಳೂ ಒಟ್ಟಿಗೆ ಉಗುಳುತ್ತವೆ, ಉಗುಳಿದ್ದು ಮೇಲೆ ಹೋಗದೆ ಬೀದಿಯಲ್ಲೇ ಮಲಗುತ್ತದೆ. ಇಳಿಸಿ ನೋಡಿದರೆ ಆ ಬಿಲ್ಲೆಯೂ ಕರ್ರಗೆ. ಡಾಕ್ಟರಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ನನಗೆ ತೋರಿಸಿದರು.

“ಮನೆ ಹೊಗೇನ ಬೀದಿಗೆ ಹಾಕಿದೀವಿ ದೊನ್ಯಾ. ಬೀದೀಲಿ ಮಕ್ಕಳಿದಾರೆ.”

“ಹಾಗಾದ್ರೆ ಇಷ್ಟು ವರ್ಷ ಮಾಡಿದ್ದು ನೀರಲ್ಲಿ ಹೋಮವಾ?”

“ಅಲ್ಲ. ಅರ್ಧ ದಾರಿ. ಅರ್ಧ ದಾರೀಲಿ ನಿಂತು ತಲುಪಿದ್ವಿ ಅನ್ಬಾರದು, ಅಷ್ಟೇ.”

ಈ ಚಳಿಗಾಲ ಬೀದಿಯ ಗಾಳಿಯನ್ನೂ ಕೂಸುಗಳ ಉಸಿರನ್ನೂ ಜೊತೆಜೊತೆಗೆ ಅಳೆಯಬೇಕು, ಆಮೇಲೆ ಅದನ್ನು ಹಿಡಿದು ಸರಕಾರದ ಬಾಗಿಲಿಗೆ ಹೋಗಬೇಕು, ಒಣಸೌದೆಗೆ ಕೊಟ್ಟಿಗೆಯೋ, ಗ್ಯಾಸೋ, ಏನೋ ಕೇಳಬೇಕು — ಇದು ಅವರ ಲೆಕ್ಕಾಚಾರ. ಅಷ್ಟರಲ್ಲಿ ಹೋದರು.

ಎಲೀಸಿಯೊ ಕೆಟ್ಟವನಲ್ಲ. ಅವನ ಹೆಂಡತಿ ಹೊಗೆ ಕುಡಿದು ಎದೆಯ ಕಾಯಿಲೆಯಲ್ಲೇ ಹೋದಳು, ಅದು ಎಲ್ಲರಿಗೂ ಗೊತ್ತು. ಈ ಕಲ್ಲನ್ನು ಅವನು ಪ್ರೀತಿಯಿಂದಲೇ ಕೆತ್ತಿಸಿದ್ದಾನೆ. ಮೊನ್ನೆ ನಾನು ಜಗಳಕ್ಕೆ ಹೋದಾಗ ಏನೆಂದ ಗೊತ್ತೇ? “ಹೋವಿತಾ, ಸತ್ತೋರ ಕೆಲಸ ಪೂರ್ತಿ ಆಗಿಲ್ಲ ಅಂತ ಕಲ್ಲಲ್ಲಿ ಬರೆಸೋಕಾಗುತ್ತಾ? ಅವಮಾನ ಅಲ್ವಾ?” ಪಾಪ, ನಿಜವಾಗಿಯೂ ಹಾಗೆಂದುಕೊಂಡಿದ್ದಾನೆ. ನೀವೂ ಹಲವರು ಹಾಗೇ ಅಂದುಕೊಂಡಿದ್ದೀರಿ.

ಹಾಗಲ್ಲ, ಮಾರಾಯರೇ. ಆಕೆ ತನ್ನದೇ ಒಳ್ಳೆಯ ಹೆಸರನ್ನು ಸಭೆಯ ನಡುವೆ ಮುರಿದು ಹಾಕಿದ ಹೆಂಗಸು — ಇಲ್ಲದ್ದನ್ನು ಇದೆ ಅನ್ನಬಾರದೆಂದು. ಅಂಥವರ ಹೆಸರಿನಲ್ಲೇ ಇಲ್ಲದ್ದನ್ನು ಕೆತ್ತಿಸಿದರೆ ಅದು ಮರ್ಯಾದೆಯೇ? ಸೆನ್ಯೋರಾ ಗ್ರಾಸಿಯೆಲಾ, ನಿಮ್ಮ ತಂಗಿ ಈ ಕಲ್ಲನ್ನು ಓದಿದ್ದರೆ ಏನೆನ್ನುತ್ತಿದ್ದರು, ನೀವೇ ಹೇಳಿ. — ನೋಡಿ, ತಾಯಿ ನಗುತ್ತಿದ್ದಾರೆ. ಅವರಿಗೆ ಗೊತ್ತು.

ಇಂಜಿನಿಯರ್ ಹೆರಾರ್ದೊ, ವ್ಯಾನಿನ ಬೀಗದ ಕೈ ಜೇಬಿನಲ್ಲೇ ಇರಲಿ. ತೀರ್ಮಾನ ನನ್ನದಲ್ಲ, ಊರಿನದು. ಆ ಬಟ್ಟೆ ಸರಿಸುವ ಮೊದಲು ಊರು ಇನ್ನೊಮ್ಮೆ ಯೋಚಿಸಲಿ ಎಂದಷ್ಟೇ ಕೇಳುತ್ತೇನೆ.

ಈಗ ಎಲ್ಲರೂ ಎದ್ದು ನಿಲ್ಲಬೇಕು. ಟೋಪಿ ತೆಗೆಯಿರಿ. ಡಾಕ್ಟರಮ್ಮನಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಆ ಮೌನದಲ್ಲಿ ಮಕ್ಕಳು ಕೆಮ್ಮುತ್ತವೆ — ಯೂರಿತ್ಸಿಯ ಕೂಸು ಕೆಮ್ಮುತ್ತದೆ, ನಿಮ್ಮವೂ ಕೆಮ್ಮುತ್ತವೆ. ತಾಯಂದಿರೇ, ನಾಚಿಕೊಂಡು ಯಾರೂ ಮಕ್ಕಳನ್ನು ಹೊರಗೆ ಎತ್ತಿಕೊಂಡು ಹೋಗಬೇಡಿ. ಶ್‌ ಅನ್ನಬೇಡಿ. ತಾತಾ ಎಲೀಸಿಯೊ, ನೀನೂ ಎದ್ದು ನಿಲ್ಲಪ್ಪಾ. ನಾವು ದೊಡ್ಡವರು ಬಾಯಿ ಮುಚ್ಚಿಕೊಂಡಿರೋಣ. ಮಕ್ಕಳು ಕೆಮ್ಮಲಿ. ಅದನ್ನು ಕೇಳಿಸಿಕೊಳ್ಳೋಣ.