ಫೋಟೋದಲ್ಲಿಲ್ಲದ ಹದಿನೈದನೆಯವನು

ಇವತ್ತು ಮುದ್ರಣದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ನಗರದ ರಗ್ಬಿ ಕ್ಲಬ್ಬಿನ ಯುವ ಕಾರ್ಯದರ್ಶಿ, ಮತ್ತೆ ಅವನು 'ಗೂಳಿ ಸಾರ್' ಎನ್ನುತ್ತಿದ್ದ ಮುದುಕರು. ಕ್ಲಬ್ಬಿನ ಐವತ್ತು ವರ್ಷದ ಚರಿತ್ರೆ ಅಚ್ಚಿಗೆ ಹೋಗುವುದಿತ್ತು. ಮುದುಕರು ಕರಡಿನ ಮೊದಲ ಪುಟದಲ್ಲೇ ನಿಂತುಬಿಟ್ಟಿದ್ದರು.

"ಮೊದಲನೇ ತಂಡದಲ್ಲಿ ನನ್ನ ಹೆಸರೆಲ್ಲೋ?"

"ಫೋಟೋ ಹಿಂದೆ ಬರೆದಿದ್ದ ಹೆಸರೇ ಹಾಕಿದೆ ಸಾರ್. ಎಣಿಸಿದೆ, ರಗ್ಬಿ ತಂಡಕ್ಕೆ ಬೇಕಾದ ಹದಿನೈದು ಜನ ಸರಿಯಾಗಿದ್ದಾರೆ."

"ಈ ಕೊನೆಯವನ ಕೊರಳಲ್ಲಿ ಏನಿದೆ?"

"...ಸೀಟಿ."

"ಸೀಟಿ ಕಟ್ಕೊಂಡು ಯಾವನಯ್ಯ ಆಡ್ತಾನೆ? ಅವನು ರೆಫರಿ! ನನ್ನನ್ನ ಎರಡು ಸಲ ಹೊರಗೆ ಹಾಕಿದ ಪುಣ್ಯಾತ್ಮ. ಅವನನ್ನ ಆಟಗಾರ ಮಾಡಿದೀಯ!"

"ನೀವು ಫೋಟೋದಲ್ಲಿ ಇಲ್ವಲ್ಲ ಸಾರ್."

"ತೆಗೆದವನು ನಾನು ಕಣೋ!"

"ಅದಕ್ಕೆ ಯಾರಾದ್ರೂ..."

"ಸಾಕ್ಷಿ ಬೇಕಾ? ಹದಿನಾಲ್ಕು ಜನಾನೂ ಮಣ್ಣಾದ್ರು. ಅವರ ಮುಖ ನೋಡು. ಅವತ್ತು ನಾವು ಸೋತಿದ್ವಿ, ಸೋತ ತಂಡ ಹೀಗೆ ಹಲ್ಲು ಕಿಸಿಯುತ್ತಾ? ಆಗಷ್ಟೇ ನನ್ನ ಮುಂದಿನ ಎರಡು ಹಲ್ಲು ಹೋಗಿದ್ವು. ನನ್ನ ಮುಖ ನೋಡಿ ನಗ್ತಿದ್ದಾರೆ ಅವರು!"

"ತಪ್ಪಾಯ್ತು ಸಾರ್. ಕೂಗಬೇಡಿ, ಜನ ನೋಡ್ತಿದ್ದಾರೆ."

ನಾನು ತಲೆ ತಗ್ಗಿಸಿದೆ. ಅವರ ಸರದಿ ಬಂತು. ಕಾರ್ಯದರ್ಶಿ ರೆಫರಿಯ ಹೆಸರು ಹೊಡೆದುಹಾಕಿ, ಪೆನ್ನು ಹಿಡಿದು ಹಾಗೇ ನಿಂತ.

"ಸಾರ್... ನಿಮ್ಮ ಹೆಸರೇನು?"

"ಹನ್ನೊಂದು ವರ್ಷದಿಂದ ನನ್ನನ್ನ ಕರೀತಿದೀಯ!"

"ಗೂಳಿ ಸಾರ್ ಅಂತಲೇ ಅಲ್ವಾ..."

ಮುದುಕರು ಪೆನ್ನು ಕಿತ್ತುಕೊಂಡು, ಕಾಗದ ಹರಿಯುವಷ್ಟು ಒತ್ತಿ ಬರೆದು, ತಿರುಗಿ ನೋಡದೆ ಹೊರಗೆ ನಡೆದರು. ಕಾರ್ಯದರ್ಶಿ ಹರಿದದ್ದನ್ನು ಬೆರಳಿಂದ ಕೂಡಿಸಿ ಹಿಡಿದು, ಆ ಹೆಸರನ್ನು ಮೊದಲ ಸಲ ಓದಿದ. ಆಮೇಲೆ ಅವರ ಹಿಂದೆ ಓಡಿದ.